ಮೊದಲು ಮೂರು ಬೆಲ್ಲು, ಆಮೇಲೆ ಎರಡು

"ಆಟ ಆಡ್ಸೋಕೂ ಸರ್ಕಾರ ಲೈಸೆನ್ಸ್ ಕೊಡ್ತದಾ? ಆಗೋ ಮಾತಲ್ಲ, ಬಿಡಮ್ಮ" ಎಂದವರು ನಮ್ಮ ಮ್ಯಾನೇಜರ್ ಜಯರಾಮಯ್ಯ. ಮೂರು ವರ್ಷದ ಹಿಂದೆ ನಾನು ಚಿನ್ನದ ಗಣಿಯ ಊರಾದ ಚಾಂಪಿಯನ್ ರೀಫ್ಸ್‌ನ ಪುನರ್ವಸತಿ ಕೇಂದ್ರವೊಂದರಲ್ಲಿ ರಿಕ್ರಿಯೇಷನ್ ಥೆರಪಿಸ್ಟ್ ಆಗಿದ್ದೆ. ಅಂದರೆ ಆಟ, ಹಾಡು, ಕೈಕೆಲಸಗಳಿಂದ ರೋಗಿಯ ಕೈಕಾಲಿನ ಶಕ್ತಿ, ನೆನಪು, ಗಮನಗಳನ್ನು ವಾಪಸು ತರುವವಳು. ಬಂಗಾರಪೇಟೆ ಬಳಿ ಇಟ್ಟಿಗೆ ಹೊತ್ತ ತಾಯಿಯ ಮಗಳು, ನಮ್ಮ ಮನೆತನದ ಮೊದಲ ಪದವೀಧರೆ. ಥೆರಪಿಸ್ಟ್‌ಗಳಿಗೆ ಲೈಸೆನ್ಸ್ ಕೊಡುವ ರಾಜ್ಯ ಕೌನ್ಸಿಲ್‌ನ ಪಟ್ಟಿಯಲ್ಲಿ ಹೆಸರು ಸೇರದಿದ್ದರೆ ನನ್ನನ್ನು ಆಯಾ ಕೆಲಸಕ್ಕೆ ಹಾಕುವುದಾಗಿ ಆಡಳಿತ ಹೇಳಿತ್ತು. ಆಯಾ ಕೆಲಸ ಕೀಳಲ್ಲ. ಆದರೆ ನಾನು ಓದಿದ್ದು ಬೇರೆ.

ನೋಂದಣಿಗೆ ಒಂದು ಕೇಸ್ ತೋರಿಸಬೇಕಿತ್ತು. ಮುನಿಸ್ವಾಮಿಯವರನ್ನು ಆರಿಸಿಕೊಂಡೆ. ಗಣಿಯ ವೈಂಡಿಂಗ್ ಡ್ರೈವರ್ ಆಗಿ, ಆಳುಗಳು ನಿಂತ ಕೇಜನ್ನು, ಅಂದರೆ ಗಣಿಯ ಲಿಫ್ಟನ್ನು, ಬಾವಿಯಂಥ ಶಾಫ್ಟಿನೊಳಗೆ ಇಳಿಸಿ ಏರಿಸಿದವರು. ಸ್ಟ್ರೋಕ್ ಆಗಿ ಬಲಗೈ ಬಿದ್ದಿತ್ತು. ಚೆಂಡು ಕೊಟ್ಟರೆ "ನಾನೇನ್ ಮಗೂನಾ?" ಎಂದು ಎಡಗೈಯಲ್ಲಿ ಎಸೆದರು. ಕೊನೆಗೆ ಹಾಲಿನಪುಡಿ ಡಬ್ಬಿಯನ್ನು ಕೇಜ್ ಮಾಡಿ, ಒಳಗೆ ಬಟ್ಟೆ ಕ್ಲಿಪ್ಪುಗಳನ್ನು ಆಳುಗಳಂತೆ ನಿಲ್ಲಿಸಿ, ಹಳೆಯ ಹೊಲಿಗೆ ಯಂತ್ರದ ಚಕ್ರಕ್ಕೆ ದಾರ ಕಟ್ಟಿದೆ. ಗಣಿಯಲ್ಲಿ ಕೇಜ್ ಇಳಿಸಲು, ಏರಿಸಲು ಬೆಲ್ಲಿನ ಎಣಿಕೆಯೇ ಆಜ್ಞೆ; ಇಲ್ಲಿ ತಟ್ಟೆ ಬಡಿದರೆ ಅದೇ ಬೆಲ್ಲು. ಹನ್ನೊಂದನೇ ವಾರ ಬಲಗೈ ಚಕ್ರ ತಿರುಗಿಸಿತು.

ಪರಿಶೀಲನೆಗೆ ಬಂದ ಕೌನ್ಸಿಲ್ ಅಧಿಕಾರಿ ಕೂರಲೂ ಇಲ್ಲ. "ಇದನ್ನ ಬಡೀಬೇಕಾ?" ಎಂದು ತಟ್ಟೆಗೆ ಎರಡೇಟು ಹಾಕಿದರು. ಎರಡು ಅಂದರೆ ‘ಇಳಿಸು’. ಕೈ ಅಲುಗಲಿಲ್ಲ. ಮತ್ತೆ ಎರಡು. ಊಹೂಂ. ಅವರು ‘ಪ್ರಗತಿ ಇಲ್ಲ’ ಎಂದು ಬರೆದೇ ಬಿಟ್ಟರು.

"ಎನ್ನ ಸಾರ್, ಮೂರು ಎಲ್ಲೋಯ್ತು?" ಮುನಿಸ್ವಾಮಿ ತಮಿಳು ಬೆರೆಸಿ ಗದರಿದರು. "ಕೇಜ್ ಒಳಗೆ ಆಳ್ಗಳು ಅವ್ರೆ, ಕಾಣಾಕಿಲ್ವಾ? ನಿಮ್ಮಂತೋರು ಬೆಲ್ ಒಡದಿದ್ರೆ ನಮ್ಮ್ ಶಿಫ್ಟ್‌ನಾಗೆ ಒಬ್ನೂ ಮನೇಗ್ ಓಗ್ತಿರ್ಲಿಲ್ಲ!"

ಆಗ ನಾನೂ ಬಾಯಿಬಿಟ್ಟೆ. "ಜನ ಇದ್ದರೆ ಮೊದಲು ಮೂರು ಬೆಲ್ಲು ಬರಬೇಕು ಸಾರ್. ಬರಲಿಲ್ಲ ಅಂತ ಇವರೇ ಕೈ ತಡೆದರು. ಅದನ್ನೂ ಬರೆಯಿರಿ." ಬೇಡಿಕೊಳ್ಳಲಿಲ್ಲ. ತಟ್ಟೆಯನ್ನು ಅಧಿಕಾರಿಯ ಮುಂದೆ ತಳ್ಳಿದೆ.

ಮೂರು ಬಡಿದರು, ಆಮೇಲೆ ಎರಡು. ಬಲಗೈ ಚಕ್ರ ತಿರುಗಿಸಿತು. ಒಂದು ಕ್ಲಿಪ್ಪೂ ಬೀಳದಂತೆ ಡಬ್ಬಿ ನೆಲ ಮುಟ್ಟಿತು. ಅಧಿಕಾರಿ ಬರೆದದ್ದನ್ನು ಹೊಡೆದುಹಾಕಿ, ಕುರ್ಚಿ ಎಳೆದುಕೊಂಡು ಕೂತರು.

ಈಗ ಯಾವ ರೋಗಿಯ ಕೈ ಅಲುಗದಿದ್ದರೂ ಮೊದಲು ನಾನು ಕೊಟ್ಟ ಸೂಚನೆಯನ್ನೇ ಅನುಮಾನಿಸುತ್ತೇನೆ. ಈ ಕೆಲಸ ನನಗೆ ಕಲಿಸಿದ್ದು ಅದನ್ನೇ.

ಬೆಂಗಳೂರಿನ ಕಚೇರಿಯಲ್ಲಿ ನೋಂದಣಿ ಪತ್ರ ಕೈಗಿತ್ತಾಗ ಅಮ್ಮ ಜೊತೆಗಿದ್ದಳು. ಫ್ರೇಮ್ ಹಾಕಿಸೋಣ ಎಂದೆ.

"ಗ್ವಾಡೆಗ್ಯಾಕೆ ನೇತಾಕ್ತೀಯಲೇ?" ಎಂದಳು. "ಬ್ಯಾಗ್ನಾಗಿಟ್ಕೊ. ಯಾವನಾದ್ರೂ ‘ನೀನ್ಯಾರು’ ಅಂದ್ರೆ ಬಿಚ್ಚಿ ತೋರ್ಸು."