ನಾಲ್ಕು ಬೆರಳು ಇಳಿತ

“ಬೈಕಿನ ಫೋರ್ಕ್ ಬಿಚ್ಚುವುದೆಲ್ಲ ನಿನ್ನಿಂದ ಆಗ್ಲಿಕ್ಕಿಲ್ಲ ಮಾರಾಯ್ತಿ,” ಎಂದವನು ನನ್ನ ಅಣ್ಣನೇ. ಆ ಮಾತಿಗೆ ಅವನ ಗ್ಯಾರೇಜು ಬಿಟ್ಟೆ. ಪಕ್ಕದಲ್ಲಿ ನಿಘಂಟು ಇಟ್ಟುಕೊಂಡು ಇಂಗ್ಲಿಷ್ ಮ್ಯಾನುಯಲ್ ಓದಿ ಕಲಿತೆ, ಮುಂಬಯಿ ಹತ್ತಿರದ ಕಳಂಬೋಲಿಯಲ್ಲಿ ನನ್ನದೇ ಶೆಡ್ಡು ಹಾಕಿದೆ. ಆರು ವರ್ಷ ಅವನೊಡನೆ ಮಾತಿರಲಿಲ್ಲ.

ಒಂದು ಬೆಳಿಗ್ಗೆ ಅವನೇ ಬಂದ, ಖಾರಘರದ ಗುಡ್ಡದಲ್ಲಿ ಓಡಿಸುವ ತನ್ನ ಹಳೆಯ ಬೈಕಿನ ಜೊತೆ.

“ಮುಂದಿನ ಫೋರ್ಕ್ ಕಲ್ಲಿನ ಹಾಗಾಗಿದೆ. ಕೈ ನೋಯ್ತದೆ. ನೋಡ್ತೀಯಾ?”

“ಯಾಕೆ, ನಿನ್ನಿಂದ ಆಗ್ಲಿಲ್ವಾ?” ಎಂದೆ. ಕುಟುಕಲು ಸಿಕ್ಕಿದ ಅವಕಾಶ ಬಿಡುವವಳಲ್ಲ ನಾನು.

ಸವಾರ ಕೂತಾಗ, ಮುಂದಿನ ಚಕ್ರವನ್ನು ಹಿಡಿದಿರುವ ಸ್ಪ್ರಿಂಗಿನ ಫೋರ್ಕ್ ಎಷ್ಟು ಇಳಿಯುತ್ತದೆಂದು ಮೊದಲು ಅಳೆಯಬೇಕು. ಅವನ ಭಾರಕ್ಕೆ ಆ ಬೈಕು ನಾಲ್ಕು ಬೆರಳು ಇಳಿಯುತ್ತಿದ್ದುದು ನನಗೆ ನೆನಪಿತ್ತು. ಈಗ ಎರಡೇ ಇಳಿಯಿತು.

“ಅಣ್ಣಾ, ಪೂರ್ತಿ ಕೂತ್ಕೋ.”

“ಕೂತೇ ಇದ್ದೇನಲ್ಲ.”

ತಲೆಯೆತ್ತಿ ನೋಡಿದೆ. ದಪ್ಪ ಜಾಕೆಟ್ಟಿನೊಳಗೆ ಅಣ್ಣ ಅರ್ಧವೇ ಉಳಿದಿದ್ದ. ಕೆಟ್ಟಿದ್ದು ಫೋರ್ಕ್ ಅಲ್ಲ.

“ಡಾಕ್ಟ್ರು ಏನಂದ್ರು?”

“ನೀನು ಸ್ಪ್ರಿಂಗ್ ನೋಡು.”

ಮೆತ್ತನೆಯ ಸ್ಪ್ರಿಂಗ್ ಹಾಕಿ, ತೆಳು ಎಣ್ಣೆ ತುಂಬಿ, ಮತ್ತೆ ಕೂರಿಸಿ ಅಳೆದೆ. ನಾಲ್ಕು ಬೆರಳು. ಅವನು ಶೆಡ್ಡಿನ ಮುಂದೆ ಒಂದು ಸುತ್ತು ಹೊಡೆದು ಬಂದು, “ಅಡ್ಡಿಲ್ಲ,” ಎಂದ. ನಾನು ಅಷ್ಟು ವರ್ಷ ಕಾದದ್ದು ಆ ಒಂದು ಮಾತಿಗೆ.

ಮುಂದಿನ ಮಳೆಗಾಲಕ್ಕೆ ಅವನಿರಲಿಲ್ಲ.

ಬೈಕು ನನ್ನ ಪಾಲಿಗೆ ಬಂತು. ಆ ಸ್ಪ್ರಿಂಗ್ ನಾನು ಬದಲಿಸಿಲ್ಲ. ನನ್ನ ಗಾತ್ರಕ್ಕೆ ಬೈಕು ಮೂತಿ ನೆಲಕ್ಕೆ ಊರುತ್ತದೆ, ಊರಲಿ. ಈಗ ನನ್ನವು ಎರಡು ಶೆಡ್ಡು ಮತ್ತು ಅಣ್ಣನ ಈ ಬೈಕು. ಅದಕ್ಕೆ ತೆತ್ತದ್ದು ಅವನ ಜೊತೆ ಆಡದೇ ಉಳಿದ ಆರು ವರ್ಷದ ಮಾತು.