ಗುಡಾಣ ಮೇಷ್ಟ್ರು ಮುಚ್ಚಿಟ್ಟ ಮಾತು

ಡ್ರಿಲ್ ಮೇಷ್ಟ್ರಿಗೆ ಹೊಟ್ಟೆ ಬಂದವರನ್ನು ಕಂಡರೆ ಆಗುತ್ತಿರಲಿಲ್ಲ. ಸಾಲಿನಲ್ಲಿ ಸ್ವಲ್ಪ ಮೈ ತುಂಬಿದ ಹುಡುಗ ಕಂಡರೆ ಸಾಕು, "ಏನಪ್ಪಾ, ಮನೇಲಿ ನಿನಗೊಬ್ಬನಿಗೇ ಅಡುಗೆ ಮಾಡೋದಾ?" ಎಂದು ಎಲ್ಲರೆದುರು ಕೇಳಿ ಮೈದಾನಕ್ಕೆ ಎರಡು ಸುತ್ತು ಹೆಚ್ಚು ಓಡಿಸುತ್ತಿದ್ದರು.

ಅಂಥವರಿಗೇ ನಲವತ್ತೆರಡರಲ್ಲಿ ಹೊಟ್ಟೆ ಉಬ್ಬತೊಡಗಿತು. ಊಟ ಅರ್ಧ ಮಾಡಿದರು, ದಿನಾ ಬೆಳಿಗ್ಗೆ ಓಡಿದರು, ಊಹೂಂ. ಕೈಕಾಲು ಕಡ್ಡಿಯಾದವು, ಹೊಟ್ಟೆ ಮಾತ್ರ ಏರುತ್ತಲೇ ಹೋಯಿತು. ಕೊನೆಗೆ ಸ್ಕ್ಯಾನ್ ಮಾಡಿಸಿದಾಗ ಗೊತ್ತಾಯಿತು: ಎರಡೂ ಕಿಡ್ನಿಗಳ ತುಂಬ ನೀರುಗುಳ್ಳೆಗಳು. ದ್ರಾಕ್ಷಿ ಗೊಂಚಲಿನ ಹಾಗೆ ಬೆಳೆಯುತ್ತಿವೆ ಎಂದರು ಡಾಕ್ಟರು. "ಇದು ವಂಶದಲ್ಲಿ ಹರಿದು ಬರೋ ಕಾಯಿಲೆ. ಒಡಹುಟ್ಟಿದವರು ಯಾರಾದ್ರೂ ಇದ್ರೆ ಅವರಿಗೂ ಒಂದ್ಸಲ ನೋಡಿಸಿಬಿಡಿ."

ಒಡಹುಟ್ಟಿದವಳು ಒಬ್ಬಳಿದ್ದಳು. ಅಂಚೆ ಕಚೇರಿಯ ಕೌಂಟರಿನಲ್ಲಿ ಕೂರುವ ತಂಗಿ. ಚಿಕ್ಕಂದಿನಿಂದ ಅವಳಿಗೆ ಅಣ್ಣನೆಂದರೆ ಓಟದಲ್ಲಿ ಕಪ್ ಗೆದ್ದವನು, ಗಟ್ಟಿಗ. ಅವಳೆದುರು ನಿಂತು ನಾನು ರೋಗಿ ಎನ್ನಲು ಮೇಷ್ಟ್ರಿಗೆ ನಾಲಗೆ ಏಳಲಿಲ್ಲ. ಇವತ್ತು ಹೇಳೋಣ, ನಾಳೆ ಹೇಳೋಣ ಎನ್ನುತ್ತ ಆರು ವರ್ಷ ದಾಟಿತು. ಮಾತ್ರೆಗಳನ್ನು ಕಂಡು ಕೇಳಿದ ಹೆಂಡತಿಗೂ "ಬಿಪಿದು" ಎಂದಷ್ಟೇ ಹೇಳಿದರು. ಶಾಲೆಯ ಮಕ್ಕಳು ಬೆನ್ನ ಹಿಂದೆ "ಗುಡಾಣ ಮೇಷ್ಟ್ರು" ಎಂದಾಗ ಕೇಳಿಸಲಿಲ್ಲವೆಂಬಂತೆ ಸೀಟಿ ಊದಿದರು. ಆದರೆ ಆಮೇಲೆ ಯಾರನ್ನೂ ಹೆಚ್ಚು ಸುತ್ತು ಓಡಿಸಲಿಲ್ಲ.

ಕಿಡ್ನಿ ಕೈಕೊಟ್ಟು ವಾರಕ್ಕೆ ಮೂರು ದಿನ ಡಯಾಲಿಸಿಸ್ ಶುರುವಾದ ಮೇಲೆ ಮುಚ್ಚಿಡುವುದೆಲ್ಲಿ ಬಂತು? ಸುದ್ದಿ ತಿಳಿದ ತಂಗಿ ರಜೆ ಹಾಕಿ ಓಡಿಬಂದಳು.

"ನಂದು ಒಂದು ತಗೋ ಅಣ್ಣಾ. ನಂಗೆರಡಿವೆ."

ಆಗಲೂ ಮೇಷ್ಟ್ರು ಬಾಯಿ ಬಿಡಲಿಲ್ಲ. ಅವಳಿಗೇನೂ ಇರಲಿಕ್ಕಿಲ್ಲ ಎಂದು ತಮಗೆ ತಾವೇ ಹೇಳಿಕೊಂಡರು. ಕೊಡುವವರನ್ನು ಪರೀಕ್ಷಿಸುವ ದಿನ ಅವಳ ಸ್ಕ್ಯಾನ್ ಬಂತು. ಅವಳಿಗೂ ಅದೇ ಗುಳ್ಳೆಗಳು. ಜತೆಗೆ, ಯಾರೂ ಅಳೆದು ನೋಡದೆ ವರ್ಷಗಟ್ಟಲೆ ಏರಿ ಕೂತಿದ್ದ ಬಿಪಿ.

"ಮೊದಲೇ ಗೊತ್ತಾಗಿದ್ರೆ ಬಿಪಿ ಹಿಡಿತದಲ್ಲಿಟ್ಟು ಇನ್ನಷ್ಟು ವರ್ಷ ಕಾಪಾಡ್ಕೋಬಹುದಿತ್ತು," ಎಂದರು ಡಾಕ್ಟರು. "ನಿಮ್ಮಣ್ಣನಿಗೆ ಆರು ವರ್ಷದ ಹಿಂದೇನೇ ಹೇಳಿದ್ವಲ್ಲ."

ತಂಗಿ ಅಣ್ಣನ ಕಡೆ ತಿರುಗಿದಳು.

"ನಿನ್ನ ಮರ್ಯಾದೆ ನನ್ನ ಜೀವಕ್ಕಿಂತ ದೊಡ್ಡದಾಯ್ತೇನೋ?" ಎಂದವಳೇ ಚೀಲ ಹೆಗಲಿಗೇರಿಸಿ ಹೊರಟುಹೋದಳು.

ಹೆಂಡತಿಯ ಕಿಡ್ನಿ ಹೊಂದಿತು. ಆದರೆ ಹೊಸದನ್ನು ಇಡಲು ಒಳಗೆ ಜಾಗವೇ ಇರಲಿಲ್ಲ. ಹಳೆಯವು ಸೋಂಕಾಗಿ ಪದೇ ಪದೇ ಜ್ವರ ಬೇರೆ ತರುತ್ತಿದ್ದವು. ಮೊದಲು ಎರಡನ್ನೂ ತೆಗೆಯಬೇಕೆಂದು ತೀರ್ಮಾನವಾಯಿತು. ತೆಗೆದ ಮೇಲೆ ತೂಗಿದರೆ ಒಂದು ಮೂರೂವರೆ ಕಿಲೋ, ಇನ್ನೊಂದು ನಾಲ್ಕು. "ಅವಳಿ ಮಕ್ಕಳನ್ನೇ ಹೊತ್ಕೊಂಡಿದ್ರಿ ಬಿಡಿ," ಎಂದು ನರ್ಸಮ್ಮ ನಗಿಸಲು ನೋಡಿದರು. ಮೇಷ್ಟ್ರಿಗೆ ನಗು ಬರಲಿಲ್ಲ. ಇಂಥದೇ ಎರಡು ತಂಗಿಯೊಳಗೂ ಬೆಳೆಯುತ್ತಿವೆ ಎಂಬುದೊಂದೇ ತಲೆಯಲ್ಲಿ ಸುತ್ತುತ್ತಿತ್ತು.

ಮೈಯಲ್ಲಿ ಒಂದೂ ಕಿಡ್ನಿಯಿಲ್ಲದೆ, ಬರೀ ಡಯಾಲಿಸಿಸ್ ನಂಬಿಕೊಂಡು, ನೀರನ್ನು ಗುಟುಕಿನ ಲೆಕ್ಕದಲ್ಲಿ ಕುಡಿಯುತ್ತ ಎರಡು ತಿಂಗಳು ಕಳೆದರು. ಗಾಯ ಮಾಗಿದ್ದೇ ತಡ, ಹೆಂಡತಿ ಬೇಡವೆಂದರೂ ಕೇಳದೆ ಅಂಚೆ ಕಚೇರಿಗೆ ಹೋಗಿ ಕೌಂಟರಿನ ಸಾಲಿನಲ್ಲಿ ನಿಂತರು. ಸರದಿ ಬಂದಾಗ ತಂಗಿ ತಲೆಯೆತ್ತಿದಳು. ಸಡಿಲವಾಗಿ ಜೋಲುತ್ತಿದ್ದ ಅಣ್ಣನ ಅಂಗಿಯನ್ನು ನೋಡಿದಳು.

"ತಪ್ಪಾಯ್ತು ಕಣೇ. ನಾಚಿಕೆಗೆ ಹೆದರಿ ನಿನ್ನ ಮುಳುಗಿಸಿದೆ."

"ಹಿಂದೆ ಜನ ಇದಾರೆ," ಎಂದಳು ಅವಳು. ಕೈಲಿದ್ದ ಲಕೋಟೆಗೆ ಮುದ್ರೆ ಒತ್ತಿ, "ನನ್ನ ಮಗಳಿಗೂ ನೋಡಿಸ್ಬೇಕಂತೆ. ನಂಗೊಬ್ಬಳಿಗೇ ಹೋಗೋಕೆ ಧೈರ್ಯ ಇಲ್ಲ. ಸೋಮವಾರ ಬರ್ತೀಯಾ?"

ಸೋಮವಾರ ಮೂವರೂ ಹೋದರು. ತಂಗಿಯ ಮಗಳಿಗೆ ಏನೂ ಇರಲಿಲ್ಲ. ಮರುತಿಂಗಳು ಹೆಂಡತಿಯ ಕಿಡ್ನಿಯನ್ನು ಮೇಷ್ಟ್ರಿಗೆ ಕಸಿ ಮಾಡಿದರು, ಅದು ಮೈಗೆ ಒಗ್ಗಿತು. ಈಗ ಪ್ರತಿ ಭಾನುವಾರ ಅವರು ತಂಗಿಗೆ ಫೋನ್ ಮಾಡಿ ಬಿಪಿ ಎಷ್ಟಿದೆ ಎಂದು ಕೇಳುತ್ತಾರೆ. ಅವಳು ಅಷ್ಟನ್ನೇ ಹೇಳಿ ಫೋನ್ ಇಡುತ್ತಾಳೆ. ಅಪರೂಪಕ್ಕೊಮ್ಮೆ, ಇಡುವ ಮುಂಚೆ, "ನಿಂದೆಷ್ಟು?" ಎನ್ನುತ್ತಾಳೆ.