ಚಿಕಾರ

ಪಕ್ಕದ ಮನೆಯ ಕರಾಟೆ ಮೇಷ್ಟ್ರು ಅಂದು ಬಿಳಿ ಉಡುಪಿನಲ್ಲೇ ಇದ್ದರೋ, ಅದನ್ನು ನಾನು ಆಮೇಲೆ ನೆನಪಿನಲ್ಲಿ ತೊಡಿಸಿದೆನೋ, ಖಾತ್ರಿಯಿಲ್ಲ. ಲಾಕ್‌ಡೌನ್ ಕಾಲ. ಬೆಂಗಳೂರಿನಲ್ಲಿ ತೀರಿಕೊಂಡ ಅಕ್ಕನ ಅಂತ್ಯಕ್ರಿಯೆಯನ್ನು ನಾನು ಇಲ್ಲಿ ಪರದೇಶದಲ್ಲಿ, ಲೂಕನ್ ಎಂಬ ಊರಿನ ಮನೆಯಲ್ಲಿ ಒಬ್ಬನೇ ಫೋನಿನಲ್ಲಿ ನೋಡಬೇಕಿತ್ತು.

ಮೇಷ್ಟ್ರು ಮೈಸೂರಿನವರು. ಬೇಲಿಯಾಚೆಯಿಂದಲೇ ನನಗೆ ಪಾಠ ಹೇಳುತ್ತಿದ್ದರು. ನನ್ನ ಭುಜ ಬಿಗಿಯಾದಾಗಲೆಲ್ಲ ತಮ್ಮ ಭುಜ ಕೊಡವಿ, "ಚಿಕಾರ ಬಿಡಿ ಸಾರ್, ಗೋಡೆ ತಳ್ತಿದ್ದೀರಾ?" ಎನ್ನುತ್ತಿದ್ದರು. ಚಿಕಾರ ಎಂದರೆ ಜಪಾನಿ ಭಾಷೆಯಲ್ಲಿ ಬಲ.

ಆ ಬೆಳಿಗ್ಗೆ ತಮ್ಮ ಗೇಟಿನಿಂದ, "ನಿಮಗೆ ಚಿಕಾರ ಆಗ್ತೀನಿ ಸಾರ್," ಎಂದರು.

"ಬಲ ಕೊಡ್ತೀನಿ ಅಂತಾರೆ. ಆಗೋದು ಅಂದ್ರೇನು? ನೀವೇ ಕಟ್ಟಿದ್ದಾ?"

"ಜಪಾನಲ್ಲಿ ಹಂಗೇ ಅಂತಾರೆ. ನೀವು ಒಳಗೆ ಹೋಗಿ."

ಶವದ ವಾಹನ ಹಾದುಹೋಗುವಾಗ ಇಲ್ಲಿ ನೆರೆಯವರು ತಂತಮ್ಮ ಗೇಟಿನಲ್ಲಿ ನಿಲ್ಲುತ್ತಿದ್ದ ದಿನಗಳವು. ನಮ್ಮ ಬೀದಿಗೆ ಯಾವ ವಾಹನವೂ ಬರುವಂತಿರಲಿಲ್ಲ. ಆದರೂ ಫೋನಿನಲ್ಲಿ ಎಲ್ಲ ಮುಗಿಯುವವರೆಗೆ ಮೇಷ್ಟ್ರು ತಮ್ಮ ಗೇಟಿನಲ್ಲಿ ಕೈಕಟ್ಟಿ ನಿಂತೇ ಇದ್ದರು.

ನಾನು ಹೊರಗೆ ಬಂದು ಒಂದು ಮಾತಾದರೂ ಆಡಿದೆನೇ? ಇಲ್ಲವೆಂದೇ ತೋರುತ್ತದೆ. ಮರುವರ್ಷ ಅವರೂ ತೀರಿಕೊಂಡರು. ಆಮೇಲೆ ಜಪಾನಿ ಸಹೋದ್ಯೋಗಿಯೊಬ್ಬಳನ್ನು ಕೇಳಿದೆ. ಒಬ್ಬರ ನೆರವಿಗೆ ನಿಲ್ಲುವುದನ್ನು ಜಪಾನಿಯಲ್ಲಿ ನಿಜಕ್ಕೂ 'ಬಲವಾಗುವುದು' ಎಂದೇ ಹೇಳುತ್ತಾರೆ.